ಕೇಳುವವರಿಗಾಗಿ ಬರೆದವರು



ಮಕ್ಕಳ ಪದ್ಯಗಳನ್ನು ಕುರಿತ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಮ್ಮ ತಂಡ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿತ್ತು. ನಾನು ಕಾಲೇಜಿನಲ್ಲಿ ಓದಿದ್ದು ಭೌತವಿಜ್ಞಾನ. ಸಾಹಿತ್ಯದ ಕಾರ್ಯಕ್ರಮ ಮಾಡುವಾಗ ಒಳಗೊಳಗೇ ಅಳುಕು ಇರುತ್ತದೆ. ಆ ಅಳುಕಿನಿಂದಲೇ ಪೀಠಿಕೆಯನ್ನು ಬಹಳ ಎಚ್ಚರದಿಂದ, ಒಂದೂವರೆ ಪುಟದಷ್ಟು ಬರೆದುಕೊಂಡು ಹೋಗಿದ್ದೆ. ಅದನ್ನು ಓದುತ್ತಿದ್ದಷ್ಟು ಹೊತ್ತೂ ಮಕ್ಕಳು ಕ್ಯಾಮೆರಾವನ್ನು ದಿಟ್ಟಿಸುತ್ತಾ ಬೊಂಬೆಗಳಂತೆ ಕುಳಿತಿದ್ದರು. ಕೊನೆಗೆ ಅಲ್ಲಿಯ ಮೇಷ್ಟ್ರು, ‘ಸಾರ್, ನೀವು ಬರೆದದ್ದು ಓದೋರಿಗೆ. ಇವರಿನ್ನೂ ಕೇಳೋರು’ ಎಂದು ನಕ್ಕು, ಬಣ್ಣದ ತುತ್ತೂರಿಯ ಪದ್ಯವನ್ನು ಎತ್ತಿಕೊಂಡರು. ಎರಡನೆಯ ಸಾಲಿಗೆ ಇಡೀ ತರಗತಿ ದನಿಗೂಡಿಸಿತು. ಮನೆಯಲ್ಲಿ ತೆಲುಗು ಆಡುವ ಮಕ್ಕಳೂ ಅದರಲ್ಲಿದ್ದರು. ಆ ಗಳಿಗೆಯಲ್ಲಿ ಯಾರ ಮನೆಮಾತು ಯಾವುದೆಂದು ಹೇಳುವುದು ಸಾಧ್ಯವಿರಲಿಲ್ಲ.

ಓದುವವರು ಮತ್ತು ಕೇಳುವವರು! ಮೇಷ್ಟ್ರ ಆ ಮಾತು ನನ್ನನ್ನು ಬಿಡಲಿಲ್ಲ. ಪದ್ಯ ಬರೆದ ಜಿ.ಪಿ. ರಾಜರತ್ನಂ ಅವರ ಬದುಕನ್ನು ಆ ಮಾತಿನ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕೆನಿಸಿತು.

ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. 1931ರಲ್ಲಿ ಕನ್ನಡ ಎಂ.ಎ. ಪದವಿ ಪಡೆದರು. ಅನಂತರ ತಂದೆಯವರು ನಡೆಸುತ್ತಿದ್ದ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಲು ನಿಂತರು. ಆಗ ಚಾಲ್ತಿಯಲ್ಲಿದ್ದ ಪದ್ಯಗಳು ಮಕ್ಕಳಿಗೆ ಹಿಡಿಸುತ್ತಿರಲಿಲ್ಲ. ಹಳಗನ್ನಡ ಓದಿ ಬಂದ ಪದವೀಧರ ಅದಕ್ಕೆ ಮಕ್ಕಳನ್ನು ದೂರಬಹುದಿತ್ತು. ರಾಜರತ್ನಂ ಹಾಗೆ ಮಾಡದೆ ಪದ್ಯಗಳನ್ನೇ ಬದಲಿಸಿದರು. ಹೊಸ ಪದ್ಯಗಳನ್ನು ತಾವೇ ಬರೆದರು. ಹೀಗೆ ಹುಟ್ಟಿದ್ದು ‘ತುತ್ತೂರಿ’.

ಆ ಪದ್ಯದ ಕಥೆ ಎಲ್ಲರಿಗೂ ಗೊತ್ತು. ತುತ್ತೂರಿ ಕೊಂಡ ಹುಡುಗ ಜಂಭ ಪಡುತ್ತಾನೆ, ತುತ್ತೂರಿ ಕೊಳಕ್ಕೆ ಜಾರುತ್ತದೆ, ನೀರು ಹೊಕ್ಕು ಅದರ ಗಂಟಲು ಕಟ್ಟುತ್ತದೆ. ಜಂಭ ಪಡಬಾರದೆಂಬ ನೀತಿ ಇಲ್ಲಿ ಉಪದೇಶವಾಗಿ ಬರುವುದಿಲ್ಲ. ಸರಾಗವಾಗಿ ಹೊಮ್ಮುತ್ತಿದ್ದ ಸ್ವರ ಕೆಟ್ಟ ಸದ್ದಾಗುವುದರಲ್ಲೇ ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ಧ್ವನಿಮುದ್ರಣವಾದ ಮೇಲೆ ನಮ್ಮ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಪ್ರತಿಯೊಂದು ಸಾಲೂ ಪುಟ್ಟ ಮಗುವಿನ ಒಂದು ಉಸಿರಿನೊಳಗೆ ಆರಾಮವಾಗಿ ಮುಗಿಯುತ್ತದೆ. ನನ್ನ ಪೀಠಿಕೆಯ ಒಂದೊಂದು ವಾಕ್ಯಕ್ಕೆ ಮೂರು ಉಸಿರು ಬೇಕಾಗಿತ್ತು!

ಇಂಥ ಪದ್ಯಗಳನ್ನು ಕೊಟ್ಟವರಿಗೆ ಬದುಕು ಸುಲಭವಾಗಿರಲಿಲ್ಲ. ಶಾಲೆಯಿಂದ ಜೀವನ ಸಾಗದೆ ಅವರು ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಅಲ್ಲಿ ಅಲೆದು ಬೆಂಗಳೂರಿಗೆ ಮರಳಿ ಜನಗಣತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಸಲಹೆಯಂತೆ ಬೌದ್ಧ ಸಾಹಿತ್ಯದ ಅಧ್ಯಯನಕ್ಕೆ ತೊಡಗಿದರು. ಪಾಲಿ ಭಾಷೆ ಕಲಿತು ಬುದ್ಧನ ವಿಚಾರವನ್ನು ಕನ್ನಡಕ್ಕೆ ತಂದರು. ಮುಂದೆ ಕನ್ನಡ ಅಧ್ಯಾಪಕರಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಬರವಣಿಗೆಗೆ ಬೆನ್ನೆಲುಬಾಗಿ ನಿಂತರು. ‘ರತ್ನನ ಪದಗಳು’ ಬರೆದ ಕೈಯೂ ಅದೇ. ಹೆಂಡ ಕುಡಿಯುವ ರತ್ನನ ಬಾಯಿಂದ ಬರುವ ಮಾತಾಗಲಿ, ಮಗುವಿನ ಬಾಯಿಂದ ಬರುವ ಮಾತಾಗಲಿ, ಮೊದಲು ಕಿವಿಗೊಟ್ಟು ಅನಂತರ ಬರೆಯುವುದು ಅವರ ಪದ್ಧತಿ. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದ ಅವರು ಮರುವರ್ಷ, 1979ರಲ್ಲಿ, ತೀರಿಕೊಂಡರು.

ರಾಮನಗರದ ಕವಿಗೂ ಚಳ್ಳಕೆರೆಯ ಸೀಮೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಚಿತ್ರೀಕರಣ ಮುಗಿಸಿ ಬಳ್ಳಾರಿ ರಸ್ತೆಯಲ್ಲಿ ಮೊಳಕಾಲ್ಮೂರಿನ ಕಡೆಗೆ ಹೊರಟಾಗ ನಮಗೆ ಎರಡು ಉತ್ತರಗಳು ಸಿಕ್ಕವು.

ಮೊದಲನೆಯದು ದಾರಿಯಲ್ಲೇ ಇರುವ ತಳುಕು. ಟಿ.ಎಸ್. ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದ ಊರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು ಅವರು. ಕಾದಂಬರಿಕಾರ ತ.ರಾ.ಸು. ಕೂಡ ಇದೇ ಮನೆತನದವರು. ವೆಂಕಣ್ಣಯ್ಯನವರ ಸ್ವಂತ ಬರವಣಿಗೆ ಹೆಚ್ಚಿಲ್ಲ. ಓದುವುದು, ಓದಿಸುವುದು, ಇನ್ನೊಬ್ಬರು ಬರೆದದ್ದನ್ನು ಮನಸ್ಸಿಟ್ಟು ಕೇಳುವುದು, ಇದೇ ಅವರ ಸಾಹಿತ್ಯ ಕೃಷಿ. ಅವರ ಕಾಲದ ಕನ್ನಡ ಎಂ.ಎ. ತರಗತಿಯಿಂದ 1929ರಲ್ಲಿ ಕುವೆಂಪು ಹೊರಬಂದರು. ಎರಡು ವರ್ಷ ಕಳೆದು ರಾಜರತ್ನಂ ಪದವಿ ಪಡೆದರು. ಒಬ್ಬರು ಕಿಂದರಿಜೋಗಿಯನ್ನು ಕೊಟ್ಟರು, ಇನ್ನೊಬ್ಬರು ತುತ್ತೂರಿಯನ್ನು ಕೊಟ್ಟರು. ಕನ್ನಡ ನಾಡಿನ ಮಕ್ಕಳ ಬಾಯಲ್ಲಿ ಈಗಲೂ ನಿಂತಿರುವ ಎರಡು ವಾದ್ಯಗಳು! ಕುವೆಂಪು ಅವರು 1936ರಲ್ಲಿ ಆರಂಭಿಸಿದ ‘ಶ್ರೀ ರಾಮಾಯಣ ದರ್ಶನಂ’ ಮುಗಿಯುವ ಮೊದಲೇ, 1939ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು. ಮಹಾಕಾವ್ಯ ಅವರಿಗೇ ಅರ್ಪಿತವಾಯಿತು. ಕವಿಗೆ ಒಳ್ಳೆಯ ಕೇಳುಗನೊಬ್ಬ ಎಷ್ಟು ದೊಡ್ಡವನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದು ಇನ್ನೂ ಹಳೆಯ ಉತ್ತರ. ಮೊಳಕಾಲ್ಮೂರು ಎಂದೊಡನೆ ನಮಗೆ ರೇಷ್ಮೆ ಸೀರೆ ನೆನಪಾಗುತ್ತದೆ. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಕ್ರಿ.ಪೂ. ಮೂರನೆಯ ಶತಮಾನದ ಬರಹ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಲಿಪಿಕಾರನ ಹೆಸರು ಚಪಡ. ಅಲ್ಲಿ ಹೇಳಿರುವುದಾದರೂ ಏನು? ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇದು ಒಂದನೆಯ ತರಗತಿಯ ಪಾಠವೇ ಅಲ್ಲವೆ! ಆದರೆ ಆ ಬಂಡೆಯನ್ನು ಓದಬಲ್ಲವರು ಅಂದು ಎಷ್ಟು ಜನ ಇದ್ದಿರಬಹುದು? ಧೌಲಿ ಮತ್ತು ಜೌಗಡದ ಶಾಸನಗಳಲ್ಲಿ, ಗೊತ್ತಾದ ದಿನಗಳಂದು ಇದನ್ನು ಜನರಿಗೆ ಕೇಳಿಸಬೇಕು ಎಂಬ ಆಜ್ಞೆಯೇ ಇದೆ. ಬರೆದದ್ದು ಕಲ್ಲಿನ ಮೇಲಾದರೂ ಅದು ತಲುಪಬೇಕಾಗಿದ್ದದ್ದು ಕಿವಿಗೆ.

ಬುದ್ಧನ ಮಾತನ್ನು ಪಾಲಿಯಿಂದ ಕನ್ನಡಕ್ಕೆ ತಂದ ವಿದ್ವಾಂಸರೂ ‘ತುತ್ತೂರಿ’ಯ ಕವಿಯೂ ಒಬ್ಬರೇ ಆಗಿದ್ದು ಬರಿಯ ಆಕಸ್ಮಿಕ ಎಂದು ನನಗೆ ಆ ಬಂಡೆಯ ಮುಂದೆ ಅನ್ನಿಸಲಿಲ್ಲ. ಓದಲು ಬಾರದವರಿಗಾಗಿ ಬರೆಯುವುದು ಒಂದು ಜವಾಬ್ದಾರಿ. ಅದು ಕಡಿಮೆ ತಿಳಿದವರು ಮಾಡುವ ಕೆಲಸವಲ್ಲ. ಹೆಚ್ಚು ಓದಿದವರು ತಮ್ಮ ಓದನ್ನು ಕರಗಿಸಿ ಮಾಡಬೇಕಾದ ಕೆಲಸ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಮಾಡಿದ್ದೂ ಇದನ್ನೇ.

ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ಬಣ್ಣದ ಚಿತ್ರಗಳಿಗೆ, ಅಂಗೈಯಲ್ಲಿ ಕುಣಿಯುವ ಪರದೆಗಳಿಗೂ ಕೊರತೆಯಿಲ್ಲ. ನಾನೇ ಪರದೆಯ ಮಾಧ್ಯಮದಲ್ಲಿ ದುಡಿಯುವವನು. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಪರದೆ ಮಗುವಿಗೆ ಹೇಳಬಲ್ಲದು, ಮಗು ತಿರುಗಿ ಹೇಳಿದ್ದನ್ನು ಕೇಳಲಾರದು. ಆ ಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಅವರಿಗೆ ಪದ್ಯ ಸಿಕ್ಕಿದ್ದು ಮೇಷ್ಟ್ರ ಗಂಟಲಿನಿಂದ. ಆ ಗಂಟಲು ನಿಂತರೆ, ತುತ್ತೂರಿ ಮತ್ತೆ ನೀರಿಗೆ ಬಿದ್ದ ಹಾಗೆಯೇ.

ಕಾರ್ಯಕ್ರಮ ಸಿದ್ಧವಾದಾಗ ನನ್ನ ಪೀಠಿಕೆಯನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಮಕ್ಕಳ ದನಿಯಿಂದಲೇ ಅದು ಆರಂಭವಾಗುತ್ತದೆ. ಇಂದು ರಾತ್ರಿ ಟೀವಿ ಆರಿಸಿದ ಮೇಲೆ ನಿಮ್ಮ ಮನೆಯ ಮಗುವಿಗೆ, ಇಲ್ಲವೆ ಪಕ್ಕದ ಮನೆಯ ಮಗುವಿಗೆ, ಒಂದು ಪದ್ಯ ಹೇಳಿ. ಅದು ತಪ್ಪುತಪ್ಪಾಗಿ ತಿರುಗಿ ಹೇಳಿದಾಗ, ದಯವಿಟ್ಟು ಪೂರ್ತಿ ಕೇಳಿ.