ಕಾರ್ಥೇಜಿನ ಕುರಿಗಾಹಿ

ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾದ್ರಿಗಳನ್ನು 'ಸಭಾಪಾಲಕರು' ಎಂದು ಕರೆಯುವ ವಾಡಿಕೆಯುಂಟು. ಇಂಗ್ಲಿಷಿನ 'ಪಾಸ್ಟರ್' ಮೂಲತಃ ಲ್ಯಾಟಿನ್ ಶಬ್ದ. ಕುರಿ ಕಾಯುವವನು ಎಂದಷ್ಟೇ ಅದರ ಅರ್ಥ. ಹೋಲಿಕೆ ಕೇಳುವುದಕ್ಕೆ ಹಿತವಾಗಿದೆ. ಆದರೆ ಅದರೊಳಗೆ ಒಂದು ತೊಡಕೂ ಇದೆ. ಕುರಿಗಾಹಿಯು ತನ್ನ ಕೆಲಸದ ಲೆಕ್ಕವನ್ನು ಒಪ್ಪಿಸುವುದು ಮಂದೆಯ ಒಡೆಯನಿಗೇ ಹೊರತು ಕುರಿಗಳಿಗಲ್ಲ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ ಇದಕ್ಕೊಂದು ಕಟ್ಟಳೆಯೇ ಉಂಟು: ಕಾಯಲು ಒಪ್ಪಿಸಿದ ಪ್ರಾಣಿಯನ್ನು ಕಾಡುಮೃಗವು ಸೀಳಿಹಾಕಿದರೆ, ಕಾದವನು ಉಳಿದದ್ದನ್ನು ಸಾಕ್ಷಿಯಾಗಿ ತಂದು ತೋರಿಸಬೇಕು, ತೋರಿಸಿದರೆ ದಂಡವಿಲ್ಲ. ಮನುಷ್ಯರ ಮಂದೆಯಲ್ಲಿಯಾದರೋ ಒಡೆಯನು ಕಣ್ಣಿಗೆ ಕಾಣದವನು. ಕುರಿಗಳಿಗೆ ಮಾತು ಬರುತ್ತದೆ. ಅಲ್ಲಿ ಸಾಕ್ಷಿಯನ್ನು ತೋರಿಸುವುದು ಯಾರಿಗೆ?

ಈ ಪ್ರಶ್ನೆಯನ್ನು ನಾನು ಮೂರನೆಯ ಶತಮಾನದ ಉತ್ತರ ಆಫ್ರಿಕಕ್ಕೆ ಒಯ್ದು ಕೇಳಬಯಸುತ್ತೇನೆ. ಇಂದಿನ ಟುನೀಸಿಯಾ ದೇಶದ ಕಡಲಂಚಿನಲ್ಲಿ ಆಗ ಕಾರ್ಥೇಜ್ ಎಂಬ ಮಹಾನಗರವಿತ್ತು. 248-49ರ ಸುಮಾರಿಗೆ ಅಲ್ಲಿನ ಕ್ರೈಸ್ತರು ಸಿಪ್ರಿಯನ್ ಎಂಬುವನನ್ನು ತಮ್ಮ ಬಿಷಪ್ಪನನ್ನಾಗಿ ಆರಿಸಿಕೊಂಡರು. ಆತನು ಅಲಂಕಾರಶಾಸ್ತ್ರದ ಹೆಸರಾಂತ ಅಧ್ಯಾಪಕ, ಸ್ಥಿತಿವಂತ. ಕ್ರೈಸ್ತನಾಗಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಜನ ಒತ್ತಾಯಪಡಿಸಿ ಪೀಠಕ್ಕೇರಿಸಿದರು. ಕೆಲವು ಹಿರಿಯ ಪಾದ್ರಿಗಳಿಗೆ ಇದು ಸರಿಬೀಳಲಿಲ್ಲ. ಆತನದೆಂದು ನಮಗೆ ಉಳಿದುಬಂದಿರುವ ಪತ್ರಸಂಗ್ರಹದಲ್ಲಿ, ಬೇರೆಯವರು ಬರೆದವೂ ಸೇರಿ, 81 ಪತ್ರಗಳಿವೆ. ಅಂದಿನ ಸಭೆಯ ಆಡಳಿತ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಇಷ್ಟು ಸಮೃದ್ಧವಾದ ಆಕರ ಆ ಕಾಲದಲ್ಲಿ ಮತ್ತೊಂದಿಲ್ಲ.

250ರಲ್ಲಿ ಡೇಸಿಯಸ್ ಚಕ್ರವರ್ತಿಯ ಆಜ್ಞೆ ಜಾರಿಗೆ ಬಂದಿತು. ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಬೇಕು, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ಇಂಥ ಪತ್ರಗಳು 40ಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಕೆಲವು ಕ್ರೈಸ್ತರು ಸೆರೆಮನೆ ಸೇರಿದರು, ಕೆಲವರು ಬಲಿಯರ್ಪಿಸಿದರು. ಇನ್ನು ಕೆಲವರು ಬಲಿ ಕೊಡದೆಯೇ ಲಂಚ ಕೊಟ್ಟು ಪತ್ರವನ್ನು ಕೊಂಡುಕೊಂಡರು. ರೋಮಿನ ಬಿಷಪ್ ಫೇಬಿಯನ್ ಆ ಜನವರಿಯಲ್ಲಿ ಪ್ರಾಣ ತೆತ್ತನು. ಕಾರ್ಥೇಜಿನಲ್ಲಿ, ಸಿಪ್ರಿಯನ್ನನನ್ನು ಸಿಂಹಕ್ಕೆ ಹಾಕಿರೆಂದು ಜನಜಂಗುಳಿ ಕೂಗಿತು. ಸಿಪ್ರಿಯನ್ ಊರು ಬಿಟ್ಟು ತಲೆಮರೆಸಿಕೊಂಡನು.

ಕುರಿಗಾಹಿ ಓಡಿಹೋದನೇ? ರೋಮಿನ ಪಾದ್ರಿಗಳಿಗೆ ಹಾಗೆಯೇ ತೋರಿತು. ಅವರು ಕಾರ್ಥೇಜಿನ ಪಾದ್ರಿಗಳಿಗೆ ಒಂದು ಓಲೆ ಬರೆದು, ತೋಳ ಬಂದಾಗ ಮಂದೆಯನ್ನು ಬಿಟ್ಟೋಡುವ ಕೂಲಿಯಾಳಿನ ಮಾತನ್ನೆತ್ತಿ ಕುಟುಕಿದರು. ಓಲೆಯಲ್ಲಿ ಬರೆದವರ ಹೆಸರಿಲ್ಲ, ಯಾರಿಗೆಂಬ ವಿಳಾಸವೂ ಇಲ್ಲ. ಅದು ಸಿಪ್ರಿಯನ್ನನ ಕೈಸೇರಿದಾಗ ಆತನು ಮಾಡಿದ ಉಪಾಯವನ್ನು ಓದುವಾಗ ನನಗೆ ಇಂದಿಗೂ ನಗು ಬರುತ್ತದೆ. ಈ ಬರವಣಿಗೆ, ಈ ಒಕ್ಕಣೆ, ಕೊನೆಗೆ ಈ ಕಾಗದ ಸಹ ತನಗೆ ಸಂದೇಹ ಹುಟ್ಟಿಸುತ್ತಿದೆ, ನಿಮ್ಮದೇ ಹೌದೋ ಅಲ್ಲವೋ ನೋಡಿ ಹೇಳಿರೆಂದು ಓಲೆಯನ್ನು ರೋಮಿಗೇ ಹಿಂದಿರುಗಿಸಿದನು! ಅಲಂಕಾರಶಾಸ್ತ್ರದ ಮೇಷ್ಟರ ಚಾತುರ್ಯ ಎಲ್ಲಿಗೆ ಹೋದೀತು?

ಆದರೆ ಚಾತುರ್ಯದಿಂದ ಆಕ್ಷೇಪಣೆ ತೀರುವುದಿಲ್ಲ. ಅದು ಆತನಿಗೂ ಗೊತ್ತಿತ್ತು. ಮುಂದೆ ಆತನು ರೋಮಿಗೆ ನೇರವಾದ ವಿವರಣೆಯನ್ನೇ ಕೊಟ್ಟನು. ತಾನು ಊರಿನಲ್ಲಿದ್ದರೆ ಗಲಭೆ ಹೆಚ್ಚಿ ಸಭೆಗೇ ಕೇಡಾಗುತ್ತಿತ್ತು, ಆದ್ದರಿಂದ ದೂರವಾದೆ. ದೇಹ ದೂರವಿದ್ದರೂ ಕೆಲಸ ನಿಂತಿಲ್ಲ ಎಂದನು. ಮಾತಿಗೆ ಪುರಾವೆಯಾಗಿ, ಮರೆಯಲ್ಲಿದ್ದುಕೊಂಡೇ ತನ್ನವರಿಗೆ ಬರೆದ 13 ಪತ್ರಗಳ ನಕಲನ್ನು ಜೊತೆಗಿಟ್ಟನು. ರೋಮಿನ ಪಾದ್ರಿಗಳು ಆತನ ಮೇಲಧಿಕಾರಿಗಳಲ್ಲ. ಲೆಕ್ಕ ಕೇಳುವ ಯಾವ ಹಕ್ಕೂ ಅವರಿಗಿದ್ದಂತೆ ಕಾಣುವುದಿಲ್ಲ. ಆದರೂ ಕೊಟ್ಟನು.

ಅದೇ ವೇಳೆ ತನ್ನ ಪಾದ್ರಿಗಳಿಗೆ ಬರೆದ ಒಂದು ಪತ್ರದಲ್ಲಿ, ಪೀಠಕ್ಕೆ ಬಂದ ದಿನದಿಂದಲೂ ನಿಮ್ಮ ಆಲೋಚನೆಯನ್ನೂ ಜನರ ಒಪ್ಪಿಗೆಯನ್ನೂ ಪಡೆಯದೆ ಕೇವಲ ನನ್ನ ಅಭಿಪ್ರಾಯದಿಂದ ಏನನ್ನೂ ಮಾಡಬಾರದೆಂದು ನಿಶ್ಚಯಿಸಿದ್ದೇನೆ ಎಂಬ ಅಭಿಪ್ರಾಯವನ್ನು ಬರೆದಿದ್ದಾನೆ. ಈ ವಾಕ್ಯವನ್ನು ಮೆಚ್ಚುವವರು ಅದರ ಮುಂದಿನ ನಡೆಯನ್ನೂ ನೋಡಬೇಕು. ಮರೆಯಲ್ಲಿದ್ದಾಗಲೇ ಆತನು ಕೆಲವರನ್ನು ಯಾರನ್ನೂ ಕೇಳದೆ ವಾಚಕರ ಪದವಿಗೆ ನೇಮಿಸಿದನು. ಸಾಮಾನ್ಯವಾಗಿ ನಿಮ್ಮನ್ನು ಕೇಳುತ್ತೇನೆ, ಇವರ ವಿಷಯದಲ್ಲಿ ದೇವರ ಸಾಕ್ಷಿಯೇ ಸಾಕು ಎಂದು ಸಮಾಧಾನ ಬರೆದನು. ನಿಯಮವನ್ನು ನುಡಿದವನೇ ಅದಕ್ಕೆ ಹಿಂಬಾಗಿಲನ್ನೂ ತೋರಿಸಿದಂತಾಯಿತು.

ಊರಿನಲ್ಲಿ ಬೇರೊಂದು ಅಧಿಕಾರ ತಲೆಯೆತ್ತಿತ್ತು. ಸೆರೆಯಲ್ಲಿ ನರಳಿದ ಧೀರರನ್ನು ಸಭೆ ಪೂಜ್ಯಭಾವದಿಂದ ಕಾಣುತ್ತಿತ್ತು; ಬಲಿಯರ್ಪಿಸಿ ಬಿದ್ದುಹೋದವರಿಗೆ ಅವರು ಕ್ಷಮೆಯ ಚೀಟಿಗಳನ್ನು ಕೊಡತೊಡಗಿದರು. ಇಂಥವನನ್ನು ಅವನ ಮನೆಯವರೊಡನೆ ಸೇರಿಸಿಕೊಳ್ಳಿರಿ ಎಂಬಂಥ ಚೀಟಿಗಳವು. ಮನೆಯವರೆಂದರೆ ಎಷ್ಟು ಜನ, 20ರೋ 30ರೋ ಎಂದು ಸಿಪ್ರಿಯನ್ ಕೇಳಿದನು. ಇಬ್ಬಂದಿ ನೋಡಿ: ನೊಂದವರ ಕೈಯಲ್ಲಿ ಚೀಟಿ, ಓಡಿದವನ ಕೈಯಲ್ಲಿ ಕೋಲು. 251ರಲ್ಲಿ ಆತನು ಊರಿಗೆ ಮರಳಿ, ಆಫ್ರಿಕದ ಬಿಷಪ್ಪರ ಪರಿಷತ್ತನ್ನು ಕೂಡಿಸಿದನು. ಪತ್ರ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳುವುದೆಂದೂ, ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲಿದ್ದು ಮರಣಕಾಲದಲ್ಲಿ ಸಮಾಧಾನ ಪಡೆಯುವುದೆಂದೂ ತೀರ್ಮಾನವಾಯಿತು.

ಕುರಿಗಳು ತಪ್ಪಿದ್ದಕ್ಕೆ ಕಟ್ಟಳೆಯಾಯಿತು. ಕುರಿಗಾಹಿಯೇ ಪತ್ರ ಕೊಂಡಿದ್ದರೆ? ಸ್ಪೇನಿನಿಂದ ಇದೇ ಮೊಕದ್ದಮೆ 254ರ ಹೊತ್ತಿಗೆ ಕಾರ್ಥೇಜಿಗೆ ಬಂದಿತು. ಅಲ್ಲಿನ ಬೆಸಿಲಿಡೀಸ್ ಮತ್ತು ಮಾರ್ಷಿಯಾಲಿಸ್ ಎಂಬ ಬಿಷಪ್ಪರಿಬ್ಬರೂ ಪತ್ರ ಪಡೆದವರು. ಬೆಸಿಲಿಡೀಸನು ತಾನಾಗಿಯೇ ಪೀಠವನ್ನು ಬಿಟ್ಟು, ಸಾಮಾನ್ಯ ವಿಶ್ವಾಸಿಯಾಗಿ ಉಳಿದರೆ ಸಾಕೆಂದಿದ್ದನು. ಜನ ಅವರ ಸ್ಥಾನಗಳಲ್ಲಿ ಸಬೀನಸ್ ಮತ್ತು ಫೆಲಿಕ್ಸರನ್ನು ಕೂರಿಸಿದರು. ಆಮೇಲೆ ಬೆಸಿಲಿಡೀಸನ ಮನಸ್ಸು ತಿರುಗಿತು. ರೋಮಿಗೆ ಹೋಗಿ, ಬಿಷಪ್ ಸ್ಟೀಫನ್ನನನ್ನು ಒಲಿಸಿಕೊಂಡು, ಪೀಠ ಹಿಂದಕ್ಕೆ ಬೇಕೆಂದನು. ದಿಕ್ಕುಗಾಣದ ಸ್ಪೇನಿನ ಸಭೆಗಳು ಸಿಪ್ರಿಯನ್ನನ ಮೊರೆಹೊಕ್ಕವು.

37 ಬಿಷಪ್ಪರು ಕೂಡಿ ಕಳುಹಿಸಿದ ಉತ್ತರ ಅಸಾಧಾರಣವಾದುದು. ದೂರದಲ್ಲಿರುವ ಸ್ಟೀಫನ್ನನಿಗೆ ನಿಜ ತಿಳಿಯದು, ಅವನು ಮೋಸಹೋದನು. ಮೋಸಗೊಳಿಸಿದವನದೇ ಹೆಚ್ಚಿನ ತಪ್ಪು. ಯೋಗ್ಯರನ್ನು ಆರಿಸುವ, ಅಯೋಗ್ಯರನ್ನು ನಿರಾಕರಿಸುವ ಅಧಿಕಾರ ಮುಖ್ಯವಾಗಿ ಜನರಲ್ಲಿಯೇ ಇದೆ. ಪಾಪಿಯಾದ ಬಿಷಪ್ಪನೊಡನೆ ಸಹವಾಸ ಮಾಡಿದ ಜನ, ಇದು ಅವನ ತಪ್ಪು, ನಮಗೇನು ಎಂದು ಕೈತೊಳೆದುಕೊಳ್ಳುವಂತಿಲ್ಲ. ಕೊನೆಯ ಈ ಮಾತು ನನ್ನನ್ನು ಬಹುವಾಗಿ ಕಾಡಿದೆ. ಜನಕ್ಕೆ ಹಕ್ಕನ್ನು ಕೊಟ್ಟ ಕೈಯೇ ಹೊರೆಯನ್ನೂ ಹೊರಿಸಿತು.

ಹೀಗೆ ಬರೆದವನು ತನ್ನ ಮಾತಿಗೆ ಬಂದಾಗ ಏನೆಂದನು? ಹಿಂಸೆಯನ್ನು ಸಹಿಸಿದ್ದ ಪ್ಯೂಪಿಯಾನಸ್ ಎಂಬ ಕ್ರೈಸ್ತನು ಸಿಪ್ರಿಯನ್ನನ ನಡತೆಯ ಬಗೆಗೆ ಕೇಳಿದ ದೂರುಗಳನ್ನು ಹಿಡಿದು ಪ್ರಶ್ನಿಸಿದಾಗ ಆತನು ಉರಿದೆದ್ದನು. ದೇವರು ನೇಮಿಸಿದ ನ್ಯಾಯಾಧಿಪತಿಗೆ ನೀನು ನ್ಯಾಯಾಧಿಪತಿಯೋ, ನಿನ್ನ ವಿಚಾರಣೆ ಮುಗಿಯುವ ತನಕ ಈ ಆರು ವರ್ಷ ಇಲ್ಲಿ ಬಿಷಪ್ಪನೇ ಇರಲಿಲ್ಲವೋ ಎಂದು ಹಂಗಿಸಿದನು. ಸ್ಪೇನಿನ ಜನಕ್ಕೆ ಸಲ್ಲುವ ನ್ಯಾಯ ಕಾರ್ಥೇಜಿನ ಒಬ್ಬ ವಿಶ್ವಾಸಿಗೆ ಸಲ್ಲಲಿಲ್ಲ. ಬೆಸಿಲಿಡೀಸನ ಅಪರಾಧ ಸ್ಥಾಪಿತವಾದುದು, ತನ್ನ ಮೇಲಿನದು ಬರಿಯ ಗಾಳಿಮಾತು ಎಂದು ಆತನ ಪರವಾಗಿ ವಾದಿಸಬಹುದು. ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ಪತ್ರದ ದನಿಯನ್ನು ಒಪ್ಪಲಾರೆ.

ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 257ರಲ್ಲಿ, ಸಿಪ್ರಿಯನ್ನನನ್ನು ಕುರೂಬಿಸ್ ಎಂಬ ಊರಿಗೆ ಗಡೀಪಾರು ಮಾಡಿದರು. ಮರುವರ್ಷ ಆತನು ಕಾರ್ಥೇಜಿನ ತನ್ನ ತೋಟದಲ್ಲಿದ್ದಾಗ, ಪ್ರಾಂತಾಧಿಪತಿಯಿದ್ದ ಯೂಟಿಕ ನಗರಕ್ಕೆ ಆತನನ್ನು ಒಯ್ಯಲು ಭಟರು ಬರುತ್ತಿದ್ದಾರೆಂಬ ಸುದ್ದಿ ಮುಟ್ಟಿತು. ಹೋದರೆ ಮರಣ ನಿಶ್ಚಯ. ಆತನು ಮತ್ತೊಮ್ಮೆ ತಲೆಮರೆಸಿಕೊಂಡನು! ಆದರೆ ಈ ಸಲ ಕಾರಣವೇ ಬೇರೆ. ಸಂಗ್ರಹದ ಕೊನೆಯದಾದ 81ನೆಯ ಪತ್ರದಲ್ಲಿ ಅದನ್ನು ಪಾದ್ರಿಗಳಿಗೂ ಸಮಸ್ತ ಜನಕ್ಕೂ ನಿವೇದಿಸಿದ್ದಾನೆ. ಬಿಷಪ್ಪನು ಸಾಯಬೇಕಾದುದು ತಾನು ಪಾಲಿಸಿದ ಊರಿನಲ್ಲಿ, ತನ್ನ ಜನರ ಕಣ್ಣೆದುರಿಗೆ. ಆ ಗಳಿಗೆಯಲ್ಲಿ ಅವನು ಆಡುವ ಮಾತು ಎಲ್ಲರ ಬಾಯಿಯ ಮಾತು. ಬೇರೆ ಊರಿನಲ್ಲಿ ಸತ್ತರೆ ಅದು ತನ್ನ ಸಭೆಗೆ ಸಲ್ಲಬೇಕಾದುದನ್ನು ಕಿತ್ತುಕೊಂಡಂತೆ.

ಪ್ರಾಂತಾಧಿಪತಿಯು ಕಾರ್ಥೇಜಿಗೆ ಬಂದ ಮೇಲೆ ಸಿಪ್ರಿಯನ್ ತೋಟಕ್ಕೆ ಮರಳಿದನು. 258ರ ಸೆಪ್ಟೆಂಬರ್ 13ರಂದು ಹಿಡಿದರು. ಆ ರಾತ್ರಿ ಆತನನ್ನು ಇರಿಸಿದ್ದ ಮನೆಯ ಮುಂದೆ ಜನ ಕದಲದೆ ನಿಂತಿದ್ದರು. ಮರುದಿನ ತೀರ್ಪನ್ನು ಓದಿದಾಗ, ತಮ್ಮ ತಲೆಗಳನ್ನೂ ಕಡಿಯಿರೆಂದು ಕೂಗಿದರು. ಕೊಲೆಗಾರನಿಗೆ 25 ಚಿನ್ನದ ನಾಣ್ಯಗಳನ್ನು ಕೊಡಿರೆಂದು ಸಿಪ್ರಿಯನ್ ತನ್ನವರಿಗೆ ಹೇಳಿದನು. ಅವರು ಆತನ ಮುಂದೆ ವಸ್ತ್ರಗಳನ್ನು ಹಾಸಿದರು. ಕತ್ತಲಾದ ಮೇಲೆ ಮೇಣದ ಬತ್ತಿಗಳನ್ನೂ ಪಂಜುಗಳನ್ನೂ ಹಿಡಿದು ದೇಹವನ್ನು ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡಿದರು.