ಹಾಡಿಗೆ ಚಿತ್ರ ಬರೆದ ವಿದ್ಯಾರ್ಥಿ

ನಮ್ಮ ಕಾಲೇಜಿನ ಬಿ.ಎ. ತರಗತಿಯ ಹುಡುಗನೊಬ್ಬ ಕಳೆದ ವರ್ಷ ಒಂದು ಸಂಜೆ ಮನೆಗೆ ಬಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಹಾಡಿನ ವಿಡಿಯೊ ಮಾಡುವುದನ್ನು ಕಲಿಯುತ್ತಿರುವುದಾಗಿಯೂ ಇದು ಮೊದಲನೆಯದೆಂದೂ ಹೇಳಿದ. ಹಾಡು ಅವನ ಅಜ್ಜಿಯದು; ಬೀಸುವ ಕಲ್ಲಿನ ಪದ. ಆಕೆ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ನೋಡಿದೆ. ರೆಪ್ಪೆ ಬಡಿಯುವುದರೊಳಗೆ ಕೆರೆ, ಗುಡ್ಡ, ಜೋಳದ ಹೊಲ, ಹಾರುವ ಕೊಕ್ಕರೆ. ಹಾಡು ಮಾತ್ರ ಮದುವೆಮನೆಗೆ ಬಂದ ಬಡ ನೆಂಟಳಂತೆ ಎಲ್ಲೋ ಹಿಂದೆ ನಿಂತಿತ್ತು. "ಚೆನ್ನಾಗಿದೆಯಪ್ಪ" ಎಂದೆ. ಮೇಷ್ಟರ ಈ ಮಾತಿನ ಬೆಲೆ ವಿದ್ಯಾರ್ಥಿಗಳಿಗೆ ಗೊತ್ತು, ಹುಡುಗ ಪೆಚ್ಚಾದ. "ಒಳ್ಳೆಯ ಕ್ಯಾಮೆರಾ ಇಲ್ಲ ಸಾರ್, ಅದಕ್ಕೇ ಹೀಗಾಯಿತು" ಎಂದ.

ಆಗ ನನಗೆ ನೆನಪಾದವನು ನಾರ್ಮನ್ ಮೆಕ್‌ಲಾರೆನ್.

ಹಾಡಿನ ವಿಡಿಯೊ ಎಂದೊಡನೆ 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಆರಂಭವಾದ ಎಂಟಿವಿಯನ್ನು ಹೆಸರಿಸುವುದು ವಾಡಿಕೆ. ಕಥೆ ಅದಕ್ಕಿಂತ ಹಳೆಯದು. 1940ರ ದಶಕದಲ್ಲಿಯೇ ಆ ದೇಶದ ಹೋಟೆಲು, ಪಾನಗೃಹಗಳಲ್ಲಿ ನಾಣ್ಯ ಹಾಕಿದರೆ ಮೂರು ನಿಮಿಷದ ಹಾಡನ್ನು ಚಿತ್ರಸಮೇತ ತೋರಿಸುವ ಪೆಟ್ಟಿಗೆಗಳಿದ್ದವು. ನಮ್ಮಲ್ಲಿ 1931ರ 'ಆಲಂ ಆರಾ'ದಲ್ಲೇ ಏಳು ಹಾಡುಗಳಿದ್ದವು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸಿನವರು 'ಧೂಪ್ ಛಾಂವ್' ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಸಿದರು. ಅಲ್ಲಿಂದ ಹಾಡು ಮೊದಲು, ಚಿತ್ರ ಆಮೇಲೆ ಎಂಬ ಪದ್ಧತಿ ನಮ್ಮಲ್ಲಿ ಬೇರೂರಿತು. ಆದರೆ ಇದೆಲ್ಲ ಹಣವಂತರ, ಯಂತ್ರವಂತರ ಕಥೆ. ಏನೂ ಇಲ್ಲದ ವಿದ್ಯಾರ್ಥಿಯ ಕಥೆ ಬೇರೆ.

ಮೆಕ್‌ಲಾರೆನ್ ಹುಟ್ಟಿದ್ದು 1914ರಲ್ಲಿ, ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ಪಟ್ಟಣದಲ್ಲಿ. ಹುಡುಗನಾಗಿದ್ದಾಗ ರೇಡಿಯೊ ಮುಂದೆ ಕಣ್ಣು ಮುಚ್ಚಿ ಕುಳಿತರೆ ಸಂಗೀತದೊಡನೆ ಗೆರೆಗಳೂ ಆಕಾರಗಳೂ ಚಲಿಸುವುದು ಅವನಿಗೆ ಕಾಣುತ್ತಿತ್ತಂತೆ. 1932ರಲ್ಲಿ ಗ್ಲಾಸ್ಗೋದ ಕಲಾಶಾಲೆಗೆ ಸೇರಿದ. ಸಿನಿಮಾ ಮಾಡಬೇಕೆಂಬ ಹುಚ್ಚು ಹತ್ತಿತು, ಕ್ಯಾಮೆರಾ ಇಲ್ಲ. ಎಲ್ಲಿಂದಲೋ ಸವೆದುಹೋದ ಒಂದು ಹಳೆಯ ಚಲಚ್ಚಿತ್ರದ ಸುರುಳಿ ಸಿಕ್ಕಿತು. ಅದನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ, ಮೇಲಿನ ಲೇಪವನ್ನೆಲ್ಲ ತಿಕ್ಕಿ ತೊಳೆದು, ಬರಿದಾದ ಪಟ್ಟಿಯ ಮೇಲೆ ಕುಂಚದಿಂದ ಬಣ್ಣ ಹಚ್ಚಿದ. ಯಾರದೋ ಕಥೆ ತೊಳೆದುಹೋಗಿ ಇವನ ಬಣ್ಣ ತೆರೆಯ ಮೇಲೆ ಕುಣಿಯಿತು. ಆ ಮೊದಲ ಸುರುಳಿ ಇಂದು ಉಳಿದಿಲ್ಲ.

ಅದೇ ಕಾಲದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಜರ್ಮನಿಯ ಆಸ್ಕರ್ ಫಿಶಿಂಗರನ ಪುಟ್ಟ ಚಿತ್ರ. ಬ್ರಾಮ್ಸ್ ಎಂಬ ಸಂಗೀತಗಾರನ ನೃತ್ಯಗೀತೆಯೊಂದಕ್ಕೆ ಫಿಶಿಂಗರ್ ಇದ್ದಿಲಿನಿಂದ ಕಾಗದದ ಮೇಲೆ ಗೆರೆ ಗೆರೆಯಾಗಿ ಬರೆದು ಜೋಡಿಸಿದ್ದ. ಕಣ್ಣು ಮುಚ್ಚಿದಾಗ ಕಂಡದ್ದನ್ನು ಕಣ್ಣು ತೆರೆದವರಿಗೂ ತೋರಿಸಬಹುದೆಂದು ಮೆಕ್‌ಲಾರೆನ್ನನಿಗೆ ಆಗ ಖಚಿತವಾಯಿತು.

ಮುಂದೆ ಜಾನ್ ಗ್ರಿಯರ್ಸನ್ ಅವನನ್ನು ಲಂಡನ್ನಿನ ಅಂಚೆ ಇಲಾಖೆಯ ಚಿತ್ರವಿಭಾಗಕ್ಕೂ, 1941ರಲ್ಲಿ ಕೆನಡಾದ ರಾಷ್ಟ್ರೀಯ ಚಿತ್ರಮಂಡಲಿಗೂ ಕರೆಸಿಕೊಂಡ. ಅಲ್ಲಿ 1949ರಲ್ಲಿ ಎವೆಲಿನ್ ಲ್ಯಾಂಬರ್ಟ್ ಎಂಬಾಕೆಯ ಜೊತೆ, ಆಸ್ಕರ್ ಪೀಟರ್ಸನ್ನನ ಪಿಯಾನೊ ವಾದನಕ್ಕೆ ಎಂಟು ನಿಮಿಷದ 'ಬಿಗಾನ್ ಡಲ್ ಕೇರ್' ಚಿತ್ರ ಮಾಡಿದ. ವಾದನವನ್ನು ಮೊದಲು ಮುದ್ರಿಸಿಕೊಂಡು, ಅದರ ಒಂದೊಂದು ಪೆಟ್ಟು ಸುರುಳಿಯ ಯಾವ ಚೌಕದಲ್ಲಿ ಬೀಳುವುದೆಂದು ಅಳೆದು ಗುರುತು ಹಾಕಿದರು. ಸೆಕೆಂಡಿಗೆ 24 ಚೌಕ. ಎಂಟು ನಿಮಿಷಕ್ಕೆ ಎಷ್ಟೆಂದು ಓದುಗರೇ ಗುಣಿಸಿ ನೋಡಲಿ. ಹಸಿ ಬಣ್ಣದ ಮೇಲೆ ಕೂತ ಧೂಳನ್ನೂ ಅವರು ಕಳೆಯಲಿಲ್ಲ. ಅದು ಬಿಡಿಸಿದ ಚಿತ್ತಾರವನ್ನೂ ಕುಣಿಸಿದರು. ಛಂದಸ್ಸು ಪಾಠ ಮಾಡುವ ನನ್ನಂಥವನಿಗೆ ಈ ಲೆಕ್ಕ ಓದುವಾಗ ಮಾತ್ರಾಗಣ ಹಾಕಿದಷ್ಟೇ ಹಿತವಾಗುತ್ತದೆ.

1950ರ ದಶಕದ ಮೊದಲಲ್ಲಿ ಯುನೆಸ್ಕೋ ಪರವಾಗಿ ಈತ ನಮ್ಮ ದೇಶಕ್ಕೂ ಬಂದು ಕಲಿಸಿ ಹೋದ. 1957ರಲ್ಲಿ ಮಾಡಿದ 'ಎ ಚೇರಿ ಟೇಲ್' ಎಂಬ ಕಿರುಚಿತ್ರಕ್ಕೆ ರವಿಶಂಕರರ ಸಿತಾರ್, ಚತುರಲಾಲರ ತಬಲಾ. ಅದರಲ್ಲಿ ಒಬ್ಬ ಯುವಕ, ಒಂದು ಕುರ್ಚಿ, ಅಷ್ಟೆ. ಯುವಕ ಪುಸ್ತಕ ಹಿಡಿದು ಕೂರಲು ಬರುತ್ತಾನೆ, ಕುರ್ಚಿ ಜಾರಿಕೊಳ್ಳುತ್ತದೆ. ಗದರಿಸಿದರೂ ರಮಿಸಿದರೂ ಒಲ್ಲೆನೆನ್ನುತ್ತದೆ. ಕೊನೆಗೆ ಅವನು ಕುರ್ಚಿಯನ್ನು ತನ್ನ ಮೇಲೆ ಕೂರಗೊಡುತ್ತಾನೆ. ಆಮೇಲೆ ಅದು ಇವನನ್ನು ಕೂರಗೊಡುತ್ತದೆ.

ಇಷ್ಟನ್ನೂ ಹೇಳಿ ಆ ಚಿತ್ರವನ್ನು ಹುಡುಗನಿಗೆ ತೋರಿಸಿದೆ. ಅವನು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅಜ್ಜಿಯ ಹಾಡಿನ ಮೇಲೆ ಕೂತುಬಿಟ್ಟೆ ಅಂತಲೇ ಸಾರ್ ನೀವು ಹೇಳೋದು?" ಎಂದ. ನಾನು ಹಾಗೆಂದಿರಲಿಲ್ಲ, ಇಲ್ಲವೆನ್ನಲೂ ಬಾಯಿ ಬರಲಿಲ್ಲ.

ಹಾಡನ್ನು ಮತ್ತೆ ಕೇಳಿದೆವು. ಏನೋ ಕುಂಟುತ್ತಿತ್ತು. ವಿಚಾರಿಸಿದರೆ, ಎರಡನೆಯ ಸಾಲು ಮರಳಿ ಬಂದಲ್ಲೆಲ್ಲ ಅವನು ಕತ್ತರಿಸಿದ್ದ. "ಹಾಡಿದ್ದನ್ನೇ ಹಾಡಿದ್ದಾಳೆ ಸಾರ್. ತ್ರಿಪದಿಗೆ ಮೂರೇ ಸಾಲು ಅಂತ ನೀವೇ ಹೇಳಿದ್ದಿರಿ." ಹೌದು, ಹಲಗೆಯ ಮೇಲೆ ಗೆರೆ ಎಳೆದು ಗಣ ತೋರಿಸಿದವನು ನಾನೇ. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ಮೂರು ನಾಲ್ಕಾಗುವುದನ್ನು ಹೇಳಿರಲಿಲ್ಲ; ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲ. ಆ ಮರಳುವ ಸಾಲಿನಲ್ಲೇ ಅಜ್ಜಿ ಉಸಿರು ತೆಗೆದುಕೊಂಡು, ಇನ್ನೊಂದು ಹಿಡಿ ಜೋಳ ಸುರಿಯುತ್ತಿದ್ದುದು.

"ಮೊದಲು ಮುದ್ರಿಸಿದ್ದು ಉಳಿದಿದೆಯೇನಪ್ಪ?" ಎಂದು ಕೊಂಚ ಅಳುಕಿನಿಂದಲೇ ಕೇಳಿದೆ. ಅವನ ಅಕ್ಕನ ಫೋನಿನಲ್ಲಿ ಉಳಿದಿತ್ತು.

ಮುಂದಿನ ಭಾನುವಾರ ತಂದ. ಕೊಕ್ಕರೆ, ಗುಡ್ಡ ಯಾವುದೂ ಇಲ್ಲದೆ ಬರಿಯ ಧ್ವನಿಯನ್ನಿಟ್ಟುಕೊಂಡು, ಕಲ್ಲಿನ ಒಂದೊಂದು ಸುತ್ತಿಗೆ ಎಷ್ಟು ಚೌಕವಾಗುವುದೆಂದು ಎಣಿಸತೊಡಗಿದೆವು. ಅವನ ಯಂತ್ರದಲ್ಲಿ ಸೆಕೆಂಡಿಗೆ 30. ಮೊದಲ ಸುತ್ತುಗಳು 57, 58, ಮತ್ತೆ 57. ಹಾಡು ಮುಗಿಯುವ ಹೊತ್ತಿಗೆ ಒಂದು ಸುತ್ತು 71 ಆಯಿತು. ಹುಡುಗ ಎಣಿಕೆ ತಪ್ಪಿತೆಂದು ಮತ್ತೆ ಹಾಕಿದ; ಅಷ್ಟೇ ಬಂತು. "ಅಜ್ಜಿಗೆ ಆಗಲೇ ಕೈ ಸೋತಿತ್ತು ಸಾರ್" ಎಂದು ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ.