ಚಲನಾನುರಣನ

ಒಬ್ಬರ ಮೈಯ ಚಲನೆಯನ್ನು ನೋಡುತ್ತಿರುವಾಗ ನೋಡುಗರ ಮಿದುಳಿನಲ್ಲೂ ಅದೇ ಚಲನೆಯ ಸಿದ್ಧತೆ ತಾನಾಗಿ ಎಚ್ಚರಗೊಳ್ಳುವುದಕ್ಕೆ ಚಲನಾನುರಣನ ಎಂದು ಹೆಸರು. ಈ ಸಿದ್ಧತೆ ಬಹುಪಾಲು ಒಳಗೇ ಅಡಗಿಹೋಗುತ್ತದೆ, ಕೈಕಾಲಿನವರೆಗೆ ಬರುವುದಿಲ್ಲ. ಆದರೂ ನೋಡುಗ ಅದೇ ಹೊತ್ತಿಗೆ ಮಾಡುತ್ತಿರುವ ಕೆಲಸವನ್ನು ಅದು ಚುರುಕು ಮಾಡಬಲ್ಲದು, ಕೆಡಿಸಲೂ ಬಲ್ಲದು. ಎದುರಿನವರು ಆಕಳಿಸಿದರೆ ನಮಗೂ ಆಕಳಿಕೆ ಬರುವುದು, ಕುಸ್ತಿಯ ಕಣದ ಸುತ್ತ ಕುಳಿತವರ ಭುಜ ಬಿಗಿಯುವುದು, ಜೊತೆಗೆ ನಡೆಯುವವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡುವುದು ಇವೆಲ್ಲವನ್ನೂ ಮನೋವಿಜ್ಞಾನ ಇದರ ಆಸುಪಾಸಿನಲ್ಲೇ ಇಟ್ಟು ನೋಡುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ, ಎಂದರೆ ವಳಕಮದಿನ್ನಿ ಎಂಬ ಊರು ಮತ್ತು ಅದರ ಸುತ್ತಿನ ನಾಡಿನಲ್ಲಿ, ಇದನ್ನು ಕಾಣಲು ಮೊಹರಮ್ಮಿಗಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಅಲಾಯಿ ಕುಣಿಯ, ಎಂದರೆ ಮೊಹರಮ್ಮಿಗೆ ತೋಡುವ ಬೆಂಕಿಯ ಗುಂಡಿಯ ಸುತ್ತ, ಹಲಗೆವಾದ್ಯದ ಬಡಿತಕ್ಕೆ, ಹಿಂದೂ ಮುಸ್ಲಿಮರೆನ್ನದೆ ಜನ ಹೆಜ್ಜೆ ಹಾಕುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಈ ಭಾಗದಲ್ಲೆಲ್ಲ ಹೆಸರಾದದ್ದು. ಹೆಜ್ಜೆಯನ್ನು ಬಿಡಿಸಿ ಹೇಳಿಕೊಡುವ ಪದ್ಧತಿ ಇಲ್ಲ. ಹುಡುಗರು ಸಾಲಿನ ಬಾಲಕ್ಕೆ ಸೇರಿ ಮುಂದಿನವರ ಕಾಲು ನೋಡುತ್ತ ಒಂದೆರಡು ಸುತ್ತು ತಪ್ಪುತ್ತಾರೆ, ಆಮೇಲೆ ಕೂಡಿಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿದ ಗದ್ದೆಗಳಲ್ಲಿ ನೆಲ್ಲು ಹಚ್ಚುವ ಹೆಂಗಸರ ಸಾಲಿನಲ್ಲೂ ಹೊಸಬರ ಕೈ ಪಳಗುವುದು ಪಕ್ಕದವರ ಕೈಯನ್ನು ನೋಡುತ್ತಲೇ. ಎರಡೂ ಕಡೆ ಕಣ್ಣಿನೊಂದಿಗೆ ಕಿವಿಯೂ ದುಡಿಯುತ್ತದೆ: ಅಲ್ಲಿ ಹಲಗೆಯ ಸದ್ದು, ಇಲ್ಲಿ ಹಾಡು, ಮಾತು, ಮೇಸ್ತ್ರಿಯ ಅವಸರ. ನೋಟದ ಪಾಲೆಷ್ಟು, ಸದ್ದಿನ ಪಾಲೆಷ್ಟು ಎಂದು ಬದುವಿನ ಮೇಲೆ ನಿಂತು ಹೇಳಲಾಗದು. ಅದನ್ನು ಬೇರ್ಪಡಿಸಿ ತೋರಿಸಿದ್ದು ಪ್ರಯೋಗಗಳು.

ಅಮೆರಿಕದ ಆರ್. ಸಿ. ಶ್ಮಿಟ್, ಕ್ಲಾಡಿಯಾ ಕರೆಲ್ಲೊ, ಮೈಕೆಲ್ ಟರ್ವಿ 1990ರಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರನ್ನೊಬ್ಬರು ನೋಡುತ್ತ ತಲಾ ಒಂದು ಕಾಲು ತೂಗಲು ಹೇಳಿದರು. ಒಬ್ಬನ ಕಾಲು ಮುಂದೆ ಬಂದಾಗ ಇನ್ನೊಬ್ಬನದು ಹಿಂದೆ ಹೋಗಬೇಕು. ನಿಧಾನವಾಗಿ ತೂಗುವಾಗ ಇದು ಸಾಧ್ಯವಾಯಿತು. ವೇಗ ಏರಿಸಿದಂತೆ ಮಾತ್ರ, ಹಾಗೆ ಮಾಡಬಾರದೆಂದುಕೊಂಡಿದ್ದರೂ ಎರಡೂ ಕಾಲುಗಳು ಒಟ್ಟಿಗೇ ಮುಂದೆ, ಒಟ್ಟಿಗೇ ಹಿಂದೆ ಹೋಗತೊಡಗಿದವು. ಇಬ್ಬರ ನಡುವೆ ಇದ್ದ ಕೊಂಡಿ ನೋಟವೊಂದೇ. ಹಲಗೆ ದ್ರುತಕ್ಕೇರಿದಾಗ ಬೇರೆ ಹೆಜ್ಜೆಯನ್ನು ಕಾಪಾಡಿಕೊಳ್ಳುವುದು ಏಕೆ ಕಷ್ಟವೆಂಬುದಕ್ಕೆ ಇದರಲ್ಲೊಂದು ಸುಳಿವಿದೆ.

ಈ ವಿಚಾರ ಹೊಸದಲ್ಲ. ಚಲನೆಯೊಂದನ್ನು ಮನಸ್ಸಿನಲ್ಲಿ ತಂದುಕೊಂಡರೆ ಸಾಕು, ದೇಹ ಅದರ ಕಡೆ ವಾಲುತ್ತದೆ ಎಂದು ಬ್ರಿಟಿಷ್ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಹೇಳಿದ್ದ. ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಆ ಎಳೆಯನ್ನು ಬೆಳೆಸಿದ. ಜರ್ಮನಿಯ ವೋಲ್ಫ್‌ಗಾಂಗ್ ಪ್ರಿನ್ಸ್ 1990ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಂಡ ಕ್ರಿಯೆಗೂ ಮಾಡುವ ಕ್ರಿಯೆಗೂ ಮಿದುಳಿನಲ್ಲಿ ಒಂದೇ ಲಿಪಿ ಎಂದು ವಾದಿಸಿದರು. ಇದನ್ನು ಒರೆಗೆ ಹಚ್ಚಿದ ಪ್ರಯೋಗ 2000ದಲ್ಲಿ ಬಂತು. ಮಾರ್ಸೆಲ್ ಬ್ರಾಸ್ ಮತ್ತು ಸಂಗಡಿಗರು ಪರದೆಯ ಮೇಲೆ ಒಂದು ಕೈಯನ್ನು ತೋರಿಸಿ, ನೋಡುಗರು ತಮ್ಮ ಬೆರಳನ್ನು ಎತ್ತಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಪರದೆಯ ಬೆರಳೂ ಅದೇ ಚಲನೆ ಮಾಡಿದಾಗ ಉತ್ತರ ಬೇಗ ಬಂತು, ಬೇರೆ ಚಲನೆ ಮಾಡಿದಾಗ ತಡವಾಯಿತು. ವ್ಯತ್ಯಾಸ ಸೆಕೆಂಡಿನ ಸಣ್ಣದೊಂದು ಭಾಗ ಅಷ್ಟೇ. ಆದರೆ ತಡೆಯಬೇಕೆಂದುಕೊಂಡರೂ ಅದು ಪೂರ್ತಿ ಅಳಿಯುವುದಿಲ್ಲವಾದ್ದರಿಂದ ಸಂಶೋಧಕರಿಗೆ ಅದೇ ಗಟ್ಟಿ ಸಾಕ್ಷಿಯಾಯಿತು.

ಜೇಮ್ಸ್ ಕಿಲ್ನರ್, ಇವ್ ಪೊಲಿನ್ಯಾನ್, ಸಾರಾ ಜೇನ್ ಬ್ಲೇಕ್‌ಮೋರ್ 2003ರಲ್ಲಿ ಮಾಡಿದ ಪ್ರಯೋಗ ಅನುರಣನದ ಕೆಡಿಸುವ ಮುಖವನ್ನು ಇನ್ನಷ್ಟು ಚೆನ್ನಾಗಿ ತೋರಿಸುತ್ತದೆ. ತೋಳನ್ನು ಮೇಲೆ ಕೆಳಗೆ ಆಡಿಸುತ್ತಿರುವವನ ಎದುರು ಇನ್ನೊಬ್ಬ ತೋಳನ್ನು ಎಡಬಲಕ್ಕೆ ಆಡಿಸಿದಾಗ, ಮೊದಲಿನವನ ತೋಳು ನೇರ ಗೆರೆ ಬಿಟ್ಟು ಅಡ್ಡಕ್ಕೆ ಓಲಾಡಿತು. ಎದುರಿಗೆ ಯಂತ್ರಮಾನವನ ತೋಳು ಅದನ್ನೇ ಮಾಡಿದಾಗ ಇಂಥ ಓಲಾಟ ಕಾಣಲಿಲ್ಲ. ಮನುಷ್ಯರ ತೋಳು ಸಮವೇಗದಲ್ಲಿ ಚಲಿಸುವುದಿಲ್ಲ, ನಡುವೆ ವೇಗ ಪಡೆದು ತುದಿಯಲ್ಲಿ ನಿಧಾನಿಸುತ್ತದೆ. ನೋಡುಗನ ಮೈ ಈ ಏರಿಳಿತವನ್ನು ಗುರುತಿಸುತ್ತದೆಂಬುದು ಒಂದು ವಿವರಣೆ.

ಮಿದುಳಿನ ಕಥೆ ಇಟಲಿಯ ಪಾರ್ಮಾದಲ್ಲಿ ಶುರುವಾಗುತ್ತದೆ. ಜಾಕೊಮೊ ರಿಜೊಲಾಟಿಯ ತಂಡ ಮಕಾಕ್ ಕೋತಿಯ ಚಲನಾಪೂರ್ವ ಪ್ರದೇಶದ ನರಕೋಶಗಳನ್ನು ದಾಖಲಿಸುತ್ತಿತ್ತು. ಕೋತಿ ತಾನೇ ತಿನಿಸನ್ನು ಹಿಡಿಯುವಾಗ ಮಿಡಿಯುವ ಕೆಲವು ಕೋಶಗಳು, ಬೇರೆಯವರು ಹಿಡಿಯುವುದನ್ನು ನೋಡುವಾಗಲೂ ಮಿಡಿದವು. ಮೊದಲ ವರದಿ 1992ರಲ್ಲಿ ಬಂತು, 'ದರ್ಪಣ ನರಕೋಶ' ಎಂಬ ಹೆಸರು 1996ರಲ್ಲಿ. ನಡುವೆ 1995ರಲ್ಲಿ ಲುಚಾನೊ ಫಾಡಿಗಾ ಮತ್ತು ಸಂಗಡಿಗರು ಮನುಷ್ಯರ ತಲೆಯ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು, ವಸ್ತು ಹಿಡಿಯುವುದನ್ನು ಸುಮ್ಮನೆ ನೋಡುತ್ತಿರುವವರ ಕೈಸ್ನಾಯುಗಳೂ ಹೆಚ್ಚು ಉದ್ದೀಪನಗೊಂಡಿರುತ್ತವೆಂದು ತೋರಿಸಿದರು. ಮನುಷ್ಯರ ಬಿಡಿ ನರಕೋಶಗಳಿಂದ ನೇರ ದಾಖಲೆ ಸಿಕ್ಕಿದ್ದು 2010ರಲ್ಲಿ, ಶಸ್ತ್ರಚಿಕಿತ್ಸೆಗಾಗಿ ಮಿದುಳಿನಲ್ಲಿ ವಿದ್ಯುದ್ವಾರಗಳನ್ನಿಟ್ಟಿದ್ದ ಅಪಸ್ಮಾರದ ರೋಗಿಗಳಲ್ಲಿ.

ಆಮೇಲೆ ನಡೆದದ್ದು ಅತಿರೇಕ. ಸಹಾನುಭೂತಿ, ಭಾಷೆ, ಆಟಿಸಂ, ನಾಗರಿಕತೆಯ ಹುಟ್ಟು ಎಲ್ಲಕ್ಕೂ ದರ್ಪಣ ನರಕೋಶವೇ ಕೀಲಿಕೈ ಎಂಬ ಮಾತು ಪತ್ರಿಕೆಗಳಲ್ಲಿ ಹರಿದಾಡಿತು. ಗ್ರೆಗರಿ ಹಿಕಾಕ್ 2014ರಲ್ಲಿ ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಮಾಡಲಾಗದ ಕ್ರಿಯೆಯನ್ನೂ ನಾವು ಅರ್ಥ ಮಾಡಿಕೊಳ್ಳುತ್ತೇವೆ; ಹಾರಲು ಬಾರದಿದ್ದರೂ ಹಕ್ಕಿ ಹಾರಿತೆಂದು ತಿಳಿಯುತ್ತದೆ. ಹೀಗಾಗಿ ಅರ್ಥಗ್ರಹಣಕ್ಕೆಲ್ಲ ಅನುರಣನವೇ ಬುನಾದಿ ಎನ್ನಲು ಬರುವುದಿಲ್ಲ. ನೋಟ ಚಲನೆಯನ್ನು ಬಾಗಿಸುತ್ತದೆ ಎಂಬ ಮೂಲ ಸಂಗತಿಗೆ ಈ ಖಂಡನೆಯಿಂದ ಧಕ್ಕೆಯಿಲ್ಲ.

ನೋಟಕ್ಕೂ ಚಲನೆಗೂ ಇರುವ ಈ ನಂಟು ಹುಟ್ಟಿನಿಂದ ಬಂದದ್ದೋ ಬೆಳೆಯುತ್ತ ಕೂಡಿದ್ದೋ? ಆಂಡ್ರ್ಯೂ ಮೆಲ್ಟ್ಸಾಫ್ ಮತ್ತು ಕೀತ್ ಮೂರ್ 1977ರಲ್ಲಿ, ಎರಡು ಮೂರು ವಾರದ ಕೂಸುಗಳೂ ದೊಡ್ಡವರು ನಾಲಿಗೆ ಚಾಚಿದರೆ ತಾವೂ ಚಾಚುತ್ತವೆಂದು ಬರೆದರು. 2016ರಲ್ಲಿ ಆಸ್ಟ್ರೇಲಿಯಾದಲ್ಲಿ ನೂರಕ್ಕೂ ಹೆಚ್ಚು ಕೂಸುಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದಾಗ ಅಂಥ ಅನುಕರಣೆಗೆ ಆಧಾರ ಸಿಗಲಿಲ್ಲ. ಸಿಸಿಲಿಯಾ ಹೇಯ್ಸ್ ಅವರ ಪ್ರಕಾರ ಇದು ಕಲಿಕೆಯ ಫಲ: ತನ್ನ ಕೈಯನ್ನು ತಾನೇ ನೋಡಿಕೊಂಡು ಆಡಿಸುವುದು, ದೊಡ್ಡವರು ಕೂಸಿನ ನಗೆಗೆ ನಗುವುದು, ಎಲ್ಲರೊಂದಿಗೆ ಕೂಡಿ ಕುಣಿಯುವುದು, ಇವುಗಳಿಂದ ಕಂಡದ್ದೂ ಮಾಡಿದ್ದೂ ಹೆಣೆದುಕೊಳ್ಳುತ್ತವೆ. 2007ರಲ್ಲಿ ಅವರ ತಂಡ, ಪರದೆಯಲ್ಲಿ ತೋರುಬೆರಳು ಆಡಿದರೆ ಕಿರುಬೆರಳು ಆಡಿಸುವಂತೆ ಜನರನ್ನು ತರಬೇತುಗೊಳಿಸಿತು. ಆಮೇಲೆ ಅವರ ಸ್ನಾಯುಗಳ ಅನುರಣನವೂ ತಿರುಗುಮುರುಗಾಯಿತು. ಕೋಲಾಟ ಬಲ್ಲವರಿಗೆ ಇದು ಅಚ್ಚರಿಯಲ್ಲ. ಎದುರಿನವರ ಕೋಲು ಮೇಲಿನಿಂದ ಬಂದರೆ ತನ್ನ ಕೋಲು ಕೆಳಗಿನಿಂದ ಹೋಗಬೇಕು. ಕಂಡದ್ದಕ್ಕೆ ಜೋಡಿಯಾಗುವ ಬೇರೊಂದು ಚಲನೆಯೇ ಅಲ್ಲಿ ಅಭ್ಯಾಸ. ಸದ್ಯಕ್ಕೆ ಹೇಯ್ಸ್ ಪಕ್ಷವೇ ಬಲವಾಗಿ ಕಾಣುತ್ತದೆ.

ಕಲಿಕೆಯ ವಾದಕ್ಕೆ ನರ್ತಕರೂ ಒತ್ತಾಸೆಯಾಗಿದ್ದಾರೆ. ಬಿಯಾಟ್ರಿಸ್ ಕಾಲ್ವೊ ಮೆರಿನೊ ಮತ್ತು ಸಂಗಡಿಗರು 2005ರಲ್ಲಿ ಬ್ಯಾಲೆ ಬಲ್ಲವರಿಗೂ ಬ್ರೆಜಿಲ್‌ನ ಕಪೊಯೇರಾ ಬಲ್ಲವರಿಗೂ ಎರಡೂ ಕುಣಿತಗಳ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ತಾವು ಕಲಿತ ಕುಣಿತವನ್ನು ನೋಡುವಾಗ ಚಲನೆಯ ಪ್ರದೇಶಗಳು ಹೆಚ್ಚು ಕ್ರಿಯಾಶೀಲವಾದವು. ಎಂದರೆ ಅಲಾಯಿ ಹೆಜ್ಜೆಯನ್ನು ಬಾಲ್ಯದಿಂದ ಹಾಕಿದವರೂ ಬೆಂಗಳೂರಿನಿಂದ ಬಂದ ನೆಂಟರೂ ಒಂದೇ ಕುಣಿತದ ಮುಂದೆ ನಿಂತರೂ ಅವರ ಮೈಯೊಳಗೆ ನಡೆಯುವುದು ಒಂದೇ ಅಲ್ಲ.

ಆಟದಲ್ಲಿ ಅನುರಣನದ ಬೆಲೆ ದೊಡ್ಡದು. 2008ರ ಒಂದು ಅಧ್ಯಯನದಲ್ಲಿ ಸಾಲ್ವತೋರೆ ಅಲ್ಯೋಟಿಯ ತಂಡ ಬ್ಯಾಸ್ಕೆಟ್‌ಬಾಲ್ ಆಟಗಾರರು, ತರಬೇತುದಾರರು ಮತ್ತು ಕ್ರೀಡಾ ಪತ್ರಕರ್ತರು, ಹಾಗೂ ಆಟದ ಗಂಧವಿಲ್ಲದವರನ್ನು ಹೋಲಿಸಿತು. ಚೆಂಡು ಬುಟ್ಟಿಗೆ ಬೀಳುವುದೋ ಇಲ್ಲವೋ ಎಂದು ಆಟಗಾರರು ಎಲ್ಲರಿಗಿಂತ ಮೊದಲೇ, ಚೆಂಡು ಇನ್ನೂ ಕೈಯಲ್ಲಿರುವಾಗಲೇ ಸರಿಯಾಗಿ ಊಹಿಸಿದರು. ದಿನವೂ ನೋಡುವ ಪತ್ರಕರ್ತರಿಗೆ ಅದು ಬರಲಿಲ್ಲ. ಕ್ರಿಕೆಟ್ಟಿನ ಬ್ಯಾಟುಗಾರರೂ ಬೌಲರನ ಕೈ ನೋಡಿಯೇ ಚೆಂಡನ್ನು ಮುಂಗಾಣುತ್ತಾರೆ. ಮೈಸೂರಿನ ಬಿ. ಎಸ್. ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ವೇಗದ ಲೆಗ್ ಸ್ಪಿನ್ ಎಸೆಯುತ್ತಿದ್ದರು. 1971ರ ಓವಲ್ ಟೆಸ್ಟ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿ ಮಾಡಿದರು. ಅಂಥ ತೋಳಿನ ಬೀಸು ಯಾವ ಬ್ಯಾಟುಗಾರನ ಮೈಯಲ್ಲೂ ಇರಲಿಲ್ಲ. ಅವರನ್ನು ಓದುವುದು ಕಷ್ಟವಾಗಿದ್ದಕ್ಕೆ ಇದೂ ಒಂದು ಕಾರಣವಿದ್ದೀತೆಂಬುದು ಬರಿಯ ತರ್ಕ, ಯಾರೂ ಅಳೆದದ್ದಲ್ಲ.

ಅನುರಣನವನ್ನು ಸದಾ ಅದುಮಿಡುವ ವ್ಯವಸ್ಥೆಯೂ ಮಿದುಳಿನಲ್ಲಿದೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದ ಕೆಲವು ರೋಗಿಗಳು ವೈದ್ಯರ ಪ್ರತಿಯೊಂದು ಸನ್ನೆಯನ್ನೂ, ಯಾರೂ ಹೇಳದಿದ್ದರೂ, ತಿರುಗಿ ಮಾಡುತ್ತಾರೆಂದು ಫ್ರಾನ್ಸಿನ ಫ್ರಾನ್ಸ್ವಾ ಲೆರ್ಮಿಟ್ 1980ರ ದಶಕದಲ್ಲಿ ವರ್ಣಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಹಳ್ಳಿ ಮತ್ತಿತರರು ಸ್ಕಿಜೊಫ್ರೇನಿಯಾ ಇರುವವರಲ್ಲಿ ಅನುರಣನವನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕೈಕೆಲಸವನ್ನು ನೋಡುವಾಗ ಕಾಂತೀಯ ಪ್ರಚೋದನೆಗೆ ಕೈಸ್ನಾಯು ಎಷ್ಟು ಸ್ಪಂದಿಸುತ್ತದೆಂದು ಅಳೆದಾಗ, ರೋಗಿಗಳಲ್ಲಿ ಸ್ಪಂದನ ಕಡಿಮೆಯಿತ್ತು. ಬೇರೆಯವರ ಮನಸ್ಸನ್ನು ಊಹಿಸುವ ಶಕ್ತಿ ಕುಗ್ಗಿರುವುದಕ್ಕೂ ಇದಕ್ಕೂ ನಂಟು ಕಂಡಿತು.

ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಅನುರಣನದ ಬಳಕೆ ನಡೆದಿದೆ. ಜರ್ಮನಿ ಮತ್ತು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ರೋಗಿಗಳು ನಾಲ್ಕು ವಾರ ದಿನನಿತ್ಯದ ಕೈಕೆಲಸಗಳ ವಿಡಿಯೊ ನೋಡಿ, ಕೂಡಲೇ ಅದನ್ನು ತಾವೂ ಮಾಡಿದರು. ಬರಿಯ ರೇಖಾಕೃತಿಗಳನ್ನು ನೋಡಿ ಅದೇ ವ್ಯಾಯಾಮ ಮಾಡಿದವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು. ನರ್ತಕರ ಪ್ರಯೋಗದ ಬೆಳಕಿನಲ್ಲಿ ನೋಡಿದರೆ ವಿಡಿಯೊದ ಆಯ್ಕೆ ಸಣ್ಣ ವಿಷಯವಲ್ಲ. ಸಿಂಧನೂರು ಸೀಮೆಯ ಹೆಂಗಸಿನ ಕೈ ತಿರುಗಿ ಪಳಗಬೇಕಾದರೆ ಫೋರ್ಕು ಹಿಡಿದ ಕೈಗಿಂತ ಜೋಳದ ರೊಟ್ಟಿ ಬಡಿಯುವ ಕೈಯನ್ನು ತೋರಿಸುವುದು ಲೇಸು.